ಒರೆಸಿದ ಬಲ್ಬು

"ಯಾರನ್ನ ಕಳ್ಳ ಅಂತೀಯೋ? ನಾಲಿಗೆ ಸೀಳಿಬಿಡ್ತೀನಿ!"

ಅಣ್ಣನ ಕೈಯಲ್ಲಿ ಸ್ಪ್ಯಾನರ್ ಇತ್ತು. ನನ್ನ ಮೂಗಿನಿಂದ ಗೇಣು ದೂರದಲ್ಲಿ!

ಅಣ್ಣ ಎಂದರೆ ಒಡಹುಟ್ಟಿದವನಲ್ಲ. ವಿಮಾನ ಕಂಪನಿಯ ಮುಖ್ಯ ಮೆಕ್ಯಾನಿಕ್. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನು. ನಾನು ಆಮೇಲೆ ಸರ್ಕಾರದ ಅಪಘಾತ ತನಿಖೆಗೆ ಸೇರಿದೆ. ಅವನು ಅಲ್ಲೇ ಉಳಿದ.

ಹ್ಯಾಂಗರ್‌ನಲ್ಲಿ ನಾವಿಬ್ಬರೇ. ನಡುವೆ ಸತ್ತ ವಿಮಾನ.

ಬಿದ್ದ ವಿಮಾನವನ್ನು ನಾವು ಹಾಗೇ ಬಿಡುವುದಿಲ್ಲ. ಚೂರುಗಳನ್ನೆಲ್ಲ ಹೆಕ್ಕಿ ತಂದು, ಮೂಗಿದ್ದ ಕಡೆ ಮೂಗು, ಬಾಲವಿದ್ದ ಕಡೆ ಬಾಲ ಜೋಡಿಸಿ ಮಲಗಿಸುತ್ತೇವೆ. ಕಂಪನಿಯವರೂ ಜೊತೆಗಿರುತ್ತಾರೆ. ಅವರ ವಿಮಾನ ಅವರಿಗೇ ಚೆನ್ನಾಗಿ ಗೊತ್ತಲ್ಲ!

ಇದು ಸರಕು ವಿಮಾನ. ಎಡ ಎಂಜಿನ್ನಿಗೆ ಬೆಂಕಿ ಬಿತ್ತು. ಪೈಲಟ್ ನಿಲ್ಲಿಸಿದ್ದು ಬಲ ಎಂಜಿನ್! ವಿಮಾನ ಕೆಸರುಗದ್ದೆಗೆ ಬಿತ್ತು. ಜೊತೆಗಿದ್ದವನು ಸತ್ತ. ಪೈಲಟ್ ಈಗ ಆಸ್ಪತ್ರೆಯಲ್ಲಿದ್ದಾನೆ. ಎರಡು ಕಾಲಿಗೂ ಪ್ಲಾಸ್ಟರ್, ಒಂದು ಕೈಗೂ ಮಂಚಕ್ಕೂ ಬೇಡಿ.

ಅವನದು ಒಂದೇ ಮಾತು. "ಬೆಂಕಿಯ ದೀಪ ಹತ್ತಿದ್ದು ಬಲಗಡೆ ಸಾರ್... ನನ್ನ ಮಕ್ಕಳಾಣೆ!"

ಅದು ನಿಜವೋ ಸುಳ್ಳೋ ಹೇಳಬೇಕಾದದ್ದು ಆ ದೀಪದ ಬಲ್ಬು; ಎಂಜಿನ್ನಿಗೊಂದರಂತೆ ಎರಡಿರುತ್ತವೆ. ಉರಿಯುವ ಬಲ್ಬಿನ ತಂತಿ ಕಾದು ಮೆತ್ತಗಿರುತ್ತದೆ. ಬಿದ್ದ ಏಟಿಗೆ ಜಗ್ಗಿಹೋಗುತ್ತದೆ. ಆರಿದ್ದ ಬಲ್ಬಿನದು ಹಾಗೆ ಜಗ್ಗುವುದಿಲ್ಲ.

ಪೈಲಟ್ ಮುಂದಿನ ದೀಪಗಳ ಪ್ಯಾನೆಲ್ ಬಿಚ್ಚಿದೆ. ತಂತಿ ಜಗ್ಗಿದ್ದ ಬಲ್ಬು ಎಡಗಡೆ ಇತ್ತು.

ಅಂದರೆ ಪೈಲಟ್ ಸುಳ್ಳ. ಜೈಲು ಖಾಯಂ!

ಆದರೆ...

"ಪ್ಯಾನೆಲ್ ತುಂಬ ಕೆಸರು ಅಣ್ಣ. ಸ್ಕ್ರೂ ಕೂಡ ಕಾಣಲ್ಲ. ಈ ಎರಡು ಬಲ್ಬು ಮಾತ್ರ ಮದುವೆಗೆ ಹೊರಟ ಹಾಗೆ ಫಳಫಳ ಅಂತಿವೆ. ಹೇಗೆ?"

"ನನಗೇನು ಗೊತ್ತು? ನೀರು ಬಿದ್ದಿರತ್ತೆ."

"ಬರೀ ಬಲ್ಬಿನ ಮೇಲಾ? ಕೊಳಕು ಬಲ್ಬು ಹೋಲ್ಡರ್‌ಗೆ ಹಾಕಿದ್ರೆ ಕಪಾಳಕ್ಕೆ ಹೊಡೀತಿದ್ದೋನು ನೀನು! ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬದಲಾಯಿಸಿದೀಯ. ಹಾಕೋ ಮುಂಚೆ ಒರೆಸಿದೀಯ!"

ಅಣ್ಣನ ಮುಖ ಬಿಳಿಚಿತು.

ಮರುಕ್ಷಣ ಸ್ಪ್ಯಾನರ್ ಬೀಸಿದ! ಬಗ್ಗಿದೆ. ಅವನು ಪ್ಯಾನೆಲ್ ಬಾಚಿಕೊಂಡು ಓಡಿದ!

ಬಾಲ ದಾಟಿದ. ಸೀಟು ದಾಟಿದ. ನಾನು ಹಿಂದೆ. ವಯಸ್ಸಾಗಿದೆ ಮುದುಕನಿಗೆ, ಆದರೂ ಏನು ಓಟ! ರೆಕ್ಕೆಯ ಹತ್ತಿರ ಅಂಗಿ ಸಿಕ್ಕಿತು. ಎಳೆದೆ. ಪ್ಯಾನೆಲ್ ನನ್ನ ಎದೆಗೆ ಬಂತು. ಅವನು ರೆಕ್ಕೆಯ ಸ್ಟ್ಯಾಂಡಿಗೆ ಒದ್ದ.

ಢಣಾರ್!

ರೆಕ್ಕೆ ನನ್ನ ಕಾಲ ಮೇಲೆ ಕೂತಿತು. ಕಣ್ಣಿಗೆ ಕತ್ತಲು ಕವಿಯಿತು. ಪ್ಯಾನೆಲ್ ಬಿಡಲಿಲ್ಲ.

"ಕೊಡೋ ಅದನ್ನ!"

"ನನ್ನ ಹೆಣದ ಕೈಯಿಂದ ತಗೋ!"

ಅಣ್ಣ ಕುಸಿದು ಕೂತ. ಅಳುತ್ತಿದ್ದ.

"ಎಂಜಿನ್ ರಿಪೇರಿ ಆದಮೇಲೆ ಬೆಂಕಿ ಸೆನ್ಸರ್ ವೈರ್ ನಾನೇ ಹಾಕಿದ್ದು ಕಣೋ... ಎಡದ್ದು ಬಲಕ್ಕೆ ಹೋಗಿದೆ. ಎರಡೂ ಪ್ಲಗ್ ಒಂದೇ ಥರ ಇರ್ತವೆ. ಒಬ್ಬ ಸತ್ತ... ಇನ್ನೇನು ಮಾಡ್ಲಿ?"

"ಬಾಯಿ ಬಿಡ್ಬೇಕಿತ್ತು, ಕತ್ತೆ!" ನೋವಿಗಿಂತ ಸಿಟ್ಟು ಹೆಚ್ಚಾಗಿತ್ತು. "ನಾವು ಹುಡುಕೋದು ಕಾರಣ, ಕಳ್ಳನ್ನಲ್ಲ. 'ಎರಡು ಪ್ಲಗ್ ಒಂದೇ ಥರ ಇವೆ, ಬದಲಾಯಿಸಿ' ಅಂತ ಬರೀತಿದ್ದೆ. ನಿನ್ನ ಹೆಸರೂ ಇರ್ತಿರ್ಲಿಲ್ಲ! ವೈರ್ ಅದಲುಬದಲಾಗಿದ್ದು ತಪ್ಪು. ಬಲ್ಬು ಬದಲಾಯಿಸಿದ್ದು ಅಪರಾಧ!"

ಫೋನ್ ತೆಗೆದು ಆಸ್ಪತ್ರೆಯಲ್ಲಿದ್ದ ಇನ್ಸ್‌ಪೆಕ್ಟರ್‌ಗೆ ಹಚ್ಚಿದೆ.

"ಪೈಲಟ್ ಬೇಡಿ ಬಿಚ್ಚಿ. ಅವನು ಹೇಳಿದ್ದು ನಿಜ."

"ಹಾಗಾದ್ರೆ ಯಾರಿಗೆ ಹಾಕ್ಲಿ?"

ಅಣ್ಣನನ್ನು ನೋಡಿದೆ.

"ಹ್ಯಾಂಗರ್‌ಗೆ ಬನ್ನಿ," ಎಂದೆ.

ಅಣ್ಣ ಕಣ್ಣೊರೆಸಿಕೊಂಡ. ಬಗ್ಗಿ ನನ್ನ ಕಾಲು ನೋಡಿದ. ರೆಕ್ಕೆಯ ಅಂಚನ್ನು ಮುಟ್ಟಿ ನೋಡಿದ. ಹಳೆಯ ಗುರುವಿನ ದನಿ ಬಂತು.

"ಅಲ್ಲಾಡ್ಬೇಡ. ಎಳೆದ್ರೆ ಮೂಳೆ ಹೋಗತ್ತೆ. ಜ್ಯಾಕ್ ತರ್ತೀನಿ."

ದೊಡ್ಡ ಬಾಗಿಲಿನಿಂದ ಬಿಸಿಲಿಗೆ ನಡೆದ. ಓಡಲಿಲ್ಲ. ತಿರುಗಿಯೂ ನೋಡಲಿಲ್ಲ.

ನನ್ನ ಕಾಲು ಬಿಡಿಸಿದ್ದು ಫೈರ್ ಬ್ರಿಗೇಡಿನವರು. ಪೈಲಟ್ ಈಗ ಕೋಲೂರಿ ನಡೆಯುತ್ತಾನೆ, ನಾನೂ ಅಷ್ಟೇ.

ಜ್ಯಾಕ್ ಮಾತ್ರ ಇನ್ನೂ ಬಂದಿಲ್ಲ!