ಬಲಗಡೆಯ ಲೈಟು

ಲೈಟು ಹಾಕಲು ಬಂದವನು ನನ್ನ ಮುಖಕ್ಕಿಂತ ಮೊದಲು ನನ್ನ ಮನೆಯ ಸೀಲಿಂಗ್ ನೋಡಿದ. ನಾನೂ ಅವನ ಕಣ್ಣು ನೋಡಲಿಲ್ಲ. ನನ್ನ ದೃಷ್ಟಿ ನೇರ ಹೋಗಿದ್ದು ಅವನ ಹಲ್ಲಿಗೆ. ತಪ್ಪು ನನ್ನದಲ್ಲ, ಕಸುಬಿನದು. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವುದು ನನ್ನ ಕೆಲಸ. ಎದುರಿಗಿದ್ದವರು ಬಾಯಿ ತೆರೆದರೆ ಸಾಕು, ಬಣ್ಣ, ಅಂಚು, ಸಂದು ಎಲ್ಲವನ್ನೂ ಮನಸ್ಸಿನಲ್ಲೇ ಅಳೆದುಬಿಡುತ್ತೇನೆ.

ಅವನ ಮುಂದಿನ ಹಲ್ಲೊಂದರ ತುದಿಯಲ್ಲಿ ಒಂಚೂರು ಚಕ್ಕೆ ಎದ್ದುಹೋಗಿತ್ತು.

"ವೈರನ್ನ ಹಲ್ಲಲ್ಲಿ ಕಚ್ಚಿ ಸುಲೀತೀರಾ?" ಎಂದೆ. ನಾನು ಅವನ ಜೊತೆ ಆಡಿದ ಮೊದಲ ಮಾತು ಅದು.

ಅವನು ಸೀಲಿಂಗಿನಿಂದ ಕಣ್ಣು ಇಳಿಸಿ ನನ್ನನ್ನು ನೋಡಿದ. "ಮೊದಲು ಸುಲೀತಿದ್ದೆ. ಬಿಟ್ಟು ಎರಡು ವರ್ಷ ಆಯ್ತು. ಅಷ್ಟು ಕಾಣುತ್ತಾ?"

"ನನಗೆ ಕಾಣುತ್ತೆ."

ಅವನಿಗೆ ಸಿಟ್ಟು ಬರಲಿಲ್ಲ. ನಾಚಿಕೊಂಡ. ದೊಡ್ಡ ಗಂಡಸೊಬ್ಬ ಹಲ್ಲಿನ ವಿಷಯಕ್ಕೆ ಕಿವಿವರೆಗೆ ಕೆಂಪಾದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮೂವತ್ತೈದು ವರ್ಷ ಅಕ್ಕನ ಜೊತೆ ಒಂದೇ ಸೂರಿನ ಕೆಳಗೆ ಕಳೆದ ಮೇಲೆ ನನ್ನದೇ ಅಂತ ಕೊಂಡ ಮನೆ ಇದು. ಮೂರನೇ ಮಹಡಿ, ಒಂದು ಹಾಲು, ಒಂದು ಮಲಗುವ ಕೋಣೆ, ನನ್ನ ಕೆಲಸದ ಮೇಜಿಗೊಂದು ಪುಟ್ಟ ರೂಮು. ಫಾಲ್ಸ್ ಸೀಲಿಂಗ್ ಆಗಷ್ಟೇ ಮುಗಿದಿತ್ತು, ಒಂದೂ ತೂತಿಲ್ಲದೆ ಬೆಳ್ಳಗೆ ಇತ್ತು. ಶನಿವಾರ ಡೌನ್‌ಲೈಟುಗಳಿಗೆ ತೂತು ಕೊರೆಯಬೇಕು, ಸೋಮವಾರ ಪೇಂಟರ್ ಬರಬೇಕು. ಆಮೇಲೆ ಲೈಟಿನವನಿಗೆ ನನ್ನ ಮನೆಯಲ್ಲಿ ಏನು ಕೆಲಸ? ಈ ಪ್ರಶ್ನೆ ಮೊದಲ ದಿನವೇ ತಲೆಗೆ ಬಂದಿತ್ತು ಎಂದರೆ ನನ್ನ ಸ್ಥಿತಿ ನಿಮಗೆ ಅರ್ಥವಾದೀತು.

"ಹಾಲ್‌ಗೆ ಹನ್ನೆರಡು ಲೈಟ್ ಬೇಕು," ಎಂದೆ.

"ಹನ್ನೆರಡಾ? ಇಲ್ಲೇನು ವಿಮಾನ ಇಳೀಬೇಕಾ ಮೇಡಂ?"

"ನನ್ನ ಮನೆ, ನನ್ನ ಬೆಳಕು."

"ನಿಮ್ಮದೇ. ಆದ್ರೆ ಕಣ್ಣೂ ನಿಮ್ಮದೇ ಅಲ್ವಾ?" ಅವನು ಟೇಪ್ ಎಳೆದು ಗೋಡೆಗೆ ಹಿಡಿದ. "ಸೀಲಿಂಗ್ ಒಂಬತ್ತು ಅಡಿ. ಅದರ ಅರ್ಧ ನಾಲ್ಕೂವರೆ. ನಾಲ್ಕೂವರೆ ಅಡಿಗೊಂದು ಲೈಟು, ಗೋಡೆಯಿಂದ ಅದರ ಅರ್ಧ ದೂರ. ಆ ಲೆಕ್ಕಕ್ಕೆ ಆರು ಸಾಕು. ಹತ್ತಿರ ಹತ್ತಿರ ತುಂಬಿದ್ರೆ ಕಣ್ಣು ಕುಕ್ಕುತ್ತೆ. ದೂರ ಇಟ್ರೆ ಮಧ್ಯ ಮಧ್ಯ ಮಬ್ಬು ಮಬ್ಬು."

ಪಾಠ ಒಪ್ಪಿಸಿದ ಹಾಗೆ ಹೇಳಿದ. ಅವತ್ತೇ ನಾನು ಅವನಿಗೆ ಲೈಟ್ ಮೇಷ್ಟ್ರು ಎಂದು ಹೆಸರಿಟ್ಟೆ. ಆರಕ್ಕೆ ಒಪ್ಪಿದೆ ಕೂಡ. ಅಕ್ಕ ನೋಡಿದ್ದರೆ ಮೂರ್ಛೆ ಹೋಗುತ್ತಿದ್ದಳು, ನಾನು ಯಾರ ಮಾತಿಗೂ ಅಷ್ಟು ಬೇಗ ಒಪ್ಪುವವಳಲ್ಲ.

ಮರುದಿನ ಕೆಲಸದ ರೂಮಿಗೆಂದು ಮೂರು ಬಗೆಯ ಲೈಟು ತಂದ. ನಾನು ಹಲ್ಲಿನ ಬಣ್ಣ ಹೊಂದಿಸುವ ಪಟ್ಟಿ ಹಿಡಿದು ಒಂದೊಂದರ ಕೆಳಗೂ ನಿಂತೆ. ಹಳದಿ ಬೆಳಕಿನಲ್ಲಿ ಎಲ್ಲಾ ಹಲ್ಲಿಗೂ ಕಾಮಾಲೆ ಬಂದಂತಿತ್ತು. ಎರಡನೆಯದರಲ್ಲಿ ಅಕ್ಕಪಕ್ಕದ ಎರಡು ಬಣ್ಣ ಒಂದೇ ಥರ ಕಂಡವು. ಮೂರನೆಯದು ಹಗಲಿನ ಹಾಗಿತ್ತು, ಯಾವುದನ್ನೂ ಮುಚ್ಚಿಡಲಿಲ್ಲ.

"ಇದೇ ಸರಿ," ಎಂದೆ.

"ಹಾಗಾದ್ರೆ ನನ್ನ ಹಲ್ಲು ಯಾವ ನಂಬರು?"

ಕೇಳಿದ ಮೇಲೆ ಹೇಳಲೇಬೇಕಲ್ಲ. ಪಟ್ಟಿಯನ್ನು ಅವನ ತುಟಿಯ ಹತ್ತಿರ ಹಿಡಿದೆ. ಬಣ್ಣ ನೋಡಲು ಐದು ಸೆಕೆಂಡು ಸಾಕು, ಹೆಚ್ಚು ನೋಡಿದರೆ ಕಣ್ಣು ಮೋಸ ಹೋಗುತ್ತದೆ ಎಂದು ನಾನೇ ಹೊಸಬರಿಗೆ ಹೇಳಿಕೊಡುತ್ತೇನೆ. ಅವತ್ತು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಅವನ ಉಸಿರು ನನ್ನ ಬೆರಳಿಗೆ ತಾಕುತ್ತಿತ್ತು. ಕಣ್ಣು ಎತ್ತಿದರೆ ಅವನು ಸೀಲಿಂಗ್ ನೋಡುತ್ತಿರಲಿಲ್ಲ.

"ಎ-ತ್ರೀ," ಎಂದೆ.

"ಒಳ್ಳೆ ಮಾರ್ಕಾ?"

"ಪಾಸು."

ಇಷ್ಟಕ್ಕೇ ನಿಂತಿದ್ದರೆ ಎಲ್ಲ ಚೆನ್ನಾಗಿತ್ತು. ಕೆಟ್ಟದ್ದು ಮಂಗಳವಾರ, ಮಲಗುವ ಕೋಣೆಯಲ್ಲಿ.

ಅವನದೊಂದು ಪದ್ಧತಿ. ಮಂಚ ಬರುವ ಜಾಗದಲ್ಲಿ ನೆಲಕ್ಕೆ ರಟ್ಟು ಹಾಸಿ, ಮನೆಯವರನ್ನು ಮಲಗಿಸಿ, ಉದ್ದನೆಯ ಕೋಲಿನ ತುದಿಗೆ ಟಾರ್ಚ್ ಕಟ್ಟಿ ಸೀಲಿಂಗಿಗೆ ಮುಟ್ಟಿಸುತ್ತಾನೆ. ಮಲಗಿದವರ ಕಣ್ಣಿಗೆ ಬೆಳಕು ಚುಚ್ಚದ ಜಾಗ ಸಿಕ್ಕಿದ ಮೇಲೇ ಪೆನ್ಸಿಲ್ ಗುರುತು. ಅಲ್ಲಿ ಮಲಗುವವರೆಲ್ಲ ಮಲಗಿ ನೋಡುವ ತನಕ ಅವನು ಡ್ರಿಲ್ ಮುಟ್ಟುವುದಿಲ್ಲ. "ಸೀಲಿಂಗಿಗೆ ತೂತು ಕೊರೆದ ಮೇಲೆ ಸಾರಿ ಅಂದ್ರೆ ಮುಚ್ಚಲ್ಲ," ಎನ್ನುತ್ತಾನೆ.

ನಾನು ಎಡಗಡೆ ಮಲಗಿದೆ. ಅವನು ತಲೆಯ ಹತ್ತಿರ ಕೋಲು ಹಿಡಿದು ನಿಂತ. "ಚುಚ್ತಿದೆಯಾ?" "ಹೂಂ." "ಈಗ?" "ಸ್ವಲ್ಪ." "ಈಗ?" ಚುಚ್ಚುತ್ತಿರಲಿಲ್ಲ, ಆದರೂ ಸ್ವಲ್ಪ ಎಂದೆ. ಇನ್ನೊಂದೆರಡು ನಿಮಿಷ ಅವನು ಹೀಗೇ ಬಗ್ಗಿ ನನ್ನ ಮುಖ ನೋಡುತ್ತಿರಲಿ ಎನ್ನುವ ಆಸೆ.

ಕೊನೆಗೆ ಗುರುತು ಹಾಕಿ, ತನ್ನ ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಲೇ ಕೇಳಿದ. "ಇನ್ನೊಬ್ರು ಬಲಗಡೆ ತಾನೆ ಮಲಗೋದು?"

ಯಾರೂ ಇಲ್ಲ ಎನ್ನುವುದು ಎರಡು ಪದ. ಆ ಎರಡು ಪದವನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಅವರೆಲ್ಲ "ಅಯ್ಯೋ" ಎಂದು ತಲೆ ಓರೆ ಮಾಡಿದ್ದಾರೆ. ಇವನೂ ಹಾಗೆ ತಲೆ ಓರೆ ಮಾಡಿದರೆ ತಡೆದುಕೊಳ್ಳಲಾರೆ ಅನಿಸಿತು. "ಹೂಂ, ಬಲಗಡೆ," ಎಂದುಬಿಟ್ಟೆ.

ಅವನ ಪೆನ್ಸಿಲ್ ಒಂದು ಕ್ಷಣ ನಿಂತು ಮತ್ತೆ ಓಡಿತು. "ಅವರು ಓದ್ತಾರಾ ಮಲಗೋಕೆ ಮುಂಚೆ?"

"ಓದ್ತಾರೆ."

"ಎತ್ತರ ಎಷ್ಟಿದ್ದಾರೆ?"

ನಾನು ನೆಲದಿಂದಲೇ ಅವನನ್ನು ಕಾಲಿನಿಂದ ತಲೆವರೆಗೆ ನೋಡಿದೆ. "ನಿಮ್ಮಷ್ಟೇ."

"ಸರಿ. ಶನಿವಾರ ಅವರನ್ನೂ ಕರ್ಕೊಂಡು ಬನ್ನಿ. ಮಲಗಿ ನೋಡ್ಲಿ," ಎಂದ. ಬಲಗಡೆಗೂ ಅಂದಾಜಿನ ಮೇಲೆ ಒಂದು ಗುರುತು ಹಾಕಿ, ಟಾರ್ಚ್ ಬಿಚ್ಚಿ ಜೇಬಿಗೆ ಸೇರಿಸಿ, ಕೋಲು ಎತ್ತಿಕೊಂಡು ಹೊರಟುಹೋದ. ಬಾಗಿಲಲ್ಲಿ ಯಾವತ್ತೂ ಒಮ್ಮೆ ತಿರುಗಿ ಏನಾದರೂ ತಮಾಷೆ ಮಾಡುತ್ತಿದ್ದವನು ಅವತ್ತು ನೇರ ಮೆಟ್ಟಿಲಿಳಿದ.

ಅಲ್ಲಿಂದ ಶುರುವಾಯಿತು ನೋಡಿ ಚಡಪಡಿಕೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಬುಧವಾರ ಒಂದೇ ಬಾಯಿಗೆ ಮಾಡಿದ ಎರಡು ಮುಂದಿನ ಹಲ್ಲಲ್ಲಿ ಒಂದು ಬಿಳಿ, ಒಂದು ಹಳದಿ ಆಯಿತು. ಡಾಕ್ಟರು ಫೋನ್ ಮಾಡಿ "ಇದೇನು ಪೇಷಂಟ್ ಬಾಯಲ್ಲಿ ಚದುರಂಗ ಆಡ್ಬೇಕಾ?" ಎಂದರು. ಹತ್ತು ವರ್ಷದಲ್ಲಿ ಒಮ್ಮೆಯೂ ಹೀಗೆ ಆಗಿರಲಿಲ್ಲ. ಮೆಸೇಜ್ ಬರೆಯುವುದು, ಅಳಿಸುವುದು, ಫೋನ್ ಬೋರಲು ಹಾಕುವುದು, ಮತ್ತೆ ತಿರುಗಿಸಿ ನೋಡುವುದು. ಹೇಳಿದರೆ ಸುಳ್ಳಿಯಾಗುತ್ತೇನೆ, ಹೇಳದಿದ್ದರೆ ಅವನು ಹೋಗಿಬಿಡುತ್ತಾನೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಗುರುವಾರ ಅಕ್ಕ ಮನೆ ನೋಡಲು ಬಂದಳು. ಸೀಲಿಂಗಿನ ಗುರುತು ನೋಡಿ, "ಬಲಗಡೆ ಯಾರಿಗೇ ಲೈಟು?" ಎಂದಳು. ಅವಳ ಮುಂದೆ ಬಚ್ಚಿಡುವುದು ನನ್ನಿಂದ ಆಗದ ಕೆಲಸ. ಎಲ್ಲ ಒದರಿದೆ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸುಳ್ಳು ಹೇಳಿದ್ರೂ ನೆಟ್ಟಗೆ ಹೇಳೋಕೆ ಬರಲ್ವಲ್ಲೇ ನಿನಗೆ! ಶನಿವಾರ ಯಾರನ್ನ ಮಲಗಿಸ್ತೀಯಾ? ನಿಮ್ಮ ಭಾವನ್ನ ಕಳಿಸ್ಲಾ ಬಾಡಿಗೆಗೆ?"

"ಅಕ್ಕಾ, ನನಗೆ ಅಳು ಬರ್ತಿದೆ."

ಅವಳು ನಗು ನಿಲ್ಲಿಸಿದಳು. ಗುರುತಿನ ಕೆಳಗೆ ನಿಂತು ಸ್ವಲ್ಪ ಯೋಚಿಸಿದಳು. "ಅಲ್ಲ ಕಣೇ, ಎತ್ತರ ಯಾಕೆ ಕೇಳ್ದ ಅವನು? ಕುಳ್ಳನಾದ್ರೂ ಉದ್ದನೆಯವನಾದ್ರೂ ತಲೆ ಇರೋದು ದಿಂಬಿನ ಮೇಲೇ. ಉದ್ದ ಜಾಸ್ತಿ ಆದ್ರೆ ಕಾಲು ಮಂಚದಿಂದ ಆಚೆ ಹೋಗುತ್ತೆ, ಅಷ್ಟೆ. ಅದಕ್ಕೂ ಲೈಟಿಗೂ ಏನು ಸಂಬಂಧ?"

ಹೌದಲ್ಲ! ನನಗೆ ಹೊಳೆದೇ ಇರಲಿಲ್ಲ. ಅವನು ಕೇಳಿದ್ದು ಲೈಟಿಗೆ ಅಲ್ಲ, ಆ ಬಲಗಡೆಯವನು ಎಂಥವನು ಎಂದು ತಿಳಿಯಲಿಕ್ಕೆ. ಸಂತೋಷವಾಗಬೇಕಿತ್ತು. ಆಗಿದ್ದು ಇನ್ನಷ್ಟು ಹೆದರಿಕೆ, ಏಕೆಂದರೆ ಈಗ ಕಳೆದುಕೊಳ್ಳಲು ನನ್ನ ಕೈಯಲ್ಲಿ ಏನೋ ಇತ್ತು.

ಶುಕ್ರವಾರ ಸಂಜೆ ನಾಲ್ಕಕ್ಕೆ ಅವನ ಮೆಸೇಜ್ ಬಂತು. "ನಾಳೆ ತೂತು ಕೊರೆಯೋಕೆ ನಮ್ಮಣ್ಣ ಬರ್ತಾರೆ. ಗುರುತೆಲ್ಲ ಸರಿಯಾಗಿದೆ. ಬಲಗಡೆಯವರಿಗೆ ಮಲಗಿ ನೋಡೋಕೆ ಹೇಳಿ. ನನ್ನ ಕೆಲಸ ಮುಗೀತು ಮೇಡಂ."

ಎರಡು ಸಲ ಓದಿದೆ. ಲ್ಯಾಬಿನ ಏಪ್ರನ್ ಬಿಚ್ಚುವುದನ್ನೂ ಮರೆತು ಬೀದಿಗಿಳಿದೆ.

ಅವನ ಅಂಗಡಿ ಎರಡು ಸಿಗ್ನಲ್ ಆಚೆ. ಒಳಗೆ ಛಾವಣಿ ತುಂಬಾ ಸ್ಯಾಂಪಲ್ ಲೈಟುಗಳು ಉರಿಯುತ್ತಿದ್ದವು, ಅವುಗಳ ಕೆಳಗೆ ಏಣಿಯ ಮೇಲೆ ನನಗೆ ಬೆನ್ನು ಮಾಡಿ ಅವನಿದ್ದ. ಕೌಂಟರಿನಲ್ಲಿದ್ದ ಹೆಂಗಸು ನನ್ನ ಏಪ್ರನ್ ಮೇಲೆ ಬಿದ್ದಿದ್ದ, ಕಟ್ಟುಹಲ್ಲು ತೇಯ್ದ ಪುಡಿ ನೋಡಿದಳು.

"ಹಲ್ಲಿನ ಮೇಡಮ್ಮಾ?" ಎಂದಳು. "ನಾನು ಇವನ ಅತ್ತಿಗೆ. ನಿಮ್ಮ ಒಂದು ಬೆಡ್‌ರೂಮಿಗೆ ಇವನು ಏಳು ಪ್ಲ್ಯಾನ್ ಹಾಕಿದ್ದಾನೆ. ಇಡೀ ಹೋಟೆಲಿಗೆ ಮೂರೇ ಹಾಕಿದ್ದ."

"ಅತ್ತಿಗೆ!" ಎಂದ ಮೇಲಿನಿಂದ.

"ನಾನು ಒಳಗೆ ಸ್ಟಾಕ್ ನೋಡ್ತೀನಪ್ಪ," ಎಂದು ಆಕೆ ಎದ್ದುಹೋದಳು.

ಅವನು ಇಳಿಯಲಿಲ್ಲ. ನಾನು ಏಣಿಯ ಬುಡದಲ್ಲಿ ನಿಂತೆ.

"ನಾಳೆ ನೀವ್ಯಾಕೆ ಬರಲ್ಲ?"

"ಬೇರೆ ಕೆಲಸ ಇದೆ."

"ಸುಳ್ಳು."

ಅವನು ಕೈಲಿದ್ದ ಬಲ್ಬನ್ನು ತಿರುಗಿಸುತ್ತಲೇ ಹೇಳಿದ. "ಹೌದು, ಸುಳ್ಳು. ಆ ಕಡೆ ಮಲಗೋರನ್ನ ನೋಡೋಕೆ ನನಗೆ ಇಷ್ಟ ಇಲ್ಲ. ಸಣ್ಣ ಬುದ್ಧಿ ಅಂದ್ಕೊಳ್ಳಿ."

"ಆ ಕಡೆ ಯಾರೂ ಇಲ್ಲ," ಎಂದೆ. "ಇರಲೇ ಇಲ್ಲ. ಒಬ್ಬಳೇ ಅಂದ್ರೆ ಎಲ್ಲರೂ ಅಯ್ಯೋ ಅಂತಾರೆ. ನಿಮ್ಮ ಬಾಯಲ್ಲಿ ಆ ಅಯ್ಯೋ ಕೇಳೋಕೆ ಆಗ್ತಿರ್ಲಿಲ್ಲ. ಅದಕ್ಕೆ ಬಾಯಿಗೆ ಬಂದದ್ದು ಹೇಳ್ದೆ. ಅವತ್ತಿಂದ ಒಂದು ಹಲ್ಲೂ ನೆಟ್ಟಗೆ ಮಾಡೋಕಾಗಿಲ್ಲ."

ಬಲ್ಬು ತಿರುಗುವುದು ನಿಂತಿತು. ಅವನು ತಲೆ ಓರೆ ಮಾಡಲಿಲ್ಲ, ಅಯ್ಯೋ ಎನ್ನಲಿಲ್ಲ. ಬಹಳ ಹುಷಾರಾಗಿ, ಅಂಗಡಿಯವನ ದನಿಯಲ್ಲಿ ಕೇಳಿದ. "ಹಾಗಾದ್ರೆ ಬಲಗಡೆ ಲೈಟ್ ಕ್ಯಾನ್ಸಲ್ ಮಾಡ್ಲಾ?"

"ಬೇಡ."

"ಯಾರಿಗೆ ಅದು?"

ಏಣಿ ಹಿಡಿದುಕೊಂಡೆ, ಏಣಿ ಅಲ್ಲಾಡತೊಡಗಿತು. "ನಿಮಗೆ. ನನಗೆ ನೀವು ಬೇಕು. ನಾಳೆ ನೀವೇ ಬನ್ನಿ. ಪೇಂಟರ್ ಬಂದಾಗ್ಲೂ ಬನ್ನಿ, ಅವನು ಹೋದ ಮೇಲೂ ಬನ್ನಿ. ಇಷ್ಟ ಇಲ್ದಿದ್ರೆ ಈಗಲೇ ಹೇಳಿ, ನನ್ನ ಪಾಡಿಗೆ ನಾನು ಹೋಗ್ತೀನಿ. ಆದ್ರೆ ಇನ್ನೊಂದು ದಿನ ಹೀಗೆ ಒದ್ದಾಡೋಕೆ ನನ್ನ ಕೈಲಿ ಆಗಲ್ಲ."

ಅವನು ಒಂದೊಂದೇ ಮೆಟ್ಟಿಲು ಇಳಿದು ಬಂದ. ಎದುರಿಗೆ ನಿಂತಾಗ ಮುಖ ಗಂಭೀರವಾಗಿತ್ತು, ಕಿವಿ ಮಾತ್ರ ಕೆಂಪಗಿತ್ತು.

"ಒಂದು ತೊಂದರೆ ಇದೆ," ಎಂದ.

ಮದುವೆಯಾಗಿದೆಯಾ? ಯಾರಿಗಾದರೂ ಮಾತು ಕೊಟ್ಟಿದ್ದಾನಾ? ಒಂದು ಉಸಿರಿನೊಳಗೆ ಇಪ್ಪತ್ತು ತೊಂದರೆ ಎಣಿಸಿದೆ.

"ಏನು?"

"ನಾನೂ ಎಡಗಡೆ ಮಲಗೋನು."

ಒಳಗಿನಿಂದ ಅತ್ತಿಗೆಯ ನಗು ಕೇಳಿತು. ಅವನು ನಗಲಿಲ್ಲ. ನಿಜವಾದ ತೊಂದರೆಯೊಂದಕ್ಕೆ ಉತ್ತರ ಕಾಯುವವನ ಹಾಗೆ ನನ್ನ ಕಣ್ಣನ್ನೇ ನೋಡುತ್ತಾ ನಿಂತಿದ್ದ. ಎಡಗಡೆ ಎಂದರೆ ನನಗೆ ಹುಟ್ಟಿನಿಂದ ಬಂದ ಹಕ್ಕು. ಚಿಕ್ಕವಳಿದ್ದಾಗ ಆ ಜಾಗಕ್ಕಾಗಿ ಅಕ್ಕನನ್ನು ಕಚ್ಚಿದ್ದೇನೆ, ಜ್ವರ ಬಂದವಳನ್ನೂ ಆ ಕಡೆಯಿಂದ ಎಬ್ಬಿಸಿದ್ದೇನೆ.

"ನಾನು ಸರ್ಕೊತೀನಿ," ಎಂದೆ.