ಗೇಟಿನ ಕಂಬದ ಮೇಲಿಟ್ಟ ಚಹಾ

ಬೆಳಗಿನ ಆರೂವರೆಗೆ ಮರಡಿಪೇಟೆಯ ಏಳನೇ ವಾರ್ಡಿನಲ್ಲಿ ಕಸದ ಗಾಡಿ ನಿಂತಿತು. ನೂರ ಹದಿನೆಂಟನೇ ಮನೆಯ ಹಸಿರು ಬಕೆಟ್ಟನ್ನು ಹುಲಿಗೆಮ್ಮ ಗಾಡಿಯ ಬಾಯಿಗೆ ಬಗ್ಗಿಸಿದಳು. ಬಾಯಿಯ ಅಂಚಿನಲ್ಲಿದ್ದ ಊಟದ ತಟ್ಟೆಯಷ್ಟಗಲದ ಲೋಹದ ಜಾಲರಿ ಸಣ್ಣಗೆ ಉಸಿರೆಳೆದುಕೊಂಡಿತು. ಸೊಪ್ಪಿನ ಕಡ್ಡಿ, ಬಾಳೆಹಣ್ಣಿನ ಸಿಪ್ಪೆ, ಹಳಸಿದ ಅನ್ನ ಒಳಗೆ ಜಾರಿದವು. ಕೊನೆಗೆ ಕಾಗದದಲ್ಲಿ ಸುತ್ತಿದ್ದ ಮಗುವಿನ ಡಯಾಪರ್ ಬಿದ್ದಾಗ ಕೆಂಪು ದೀಪ ಹತ್ತಿತು. ಬಸ್ ನಿಲ್ದಾಣದಲ್ಲಿ ಬಸ್ಸಿನ ಹೆಸರು ಹೇಳುವ ದನಿಯಲ್ಲಿ ಗಾಡಿ ಹೇಳಿತು: "ಈ ವಸ್ತು ನೂರ ಇಪ್ಪತ್ತನೇ ಮನೆಯದು."

"ನಾ ಹೇಳಿರಲಿಲ್ಲೇನು?" ಎಂದ ನೂರ ಹದಿನೆಂಟರ ಯಜಮಾನ, ಎದುರು ಮನೆಗೆ ಕೇಳುವ ಹಾಗೆ. "ನಮ್ಮ ಮನ್ಯಾಗ ಕೂಸ ಇಲ್ಲ, ಡಯಾಪರ್ ಎಲ್ಲಿಂದ ಬರ್ತದ? ರಾತ್ರಿ ಬಂದು ನಮ್ಮ ಬಕೇಟಿಗೆ ಹಾಕಿ ಹೋಗ್ತಾರ." ನೂರ ಇಪ್ಪತ್ತರ ಕಿಟಕಿಯ ಪರದೆ ಅಲುಗಿ ಸುಮ್ಮನಾಯಿತು.

ಆ ಜಾಲರಿಯ ಸರ್ಕಾರಿ ಹೆಸರು ಸ್ಪರ್ಶಶೋಧಕ. ಊರಿನವರು ಅದನ್ನು ಮೂಗು ಎಂದರು. ಮನುಷ್ಯನ ಚರ್ಮದ ಮೇಲೆ ಕೋಟ್ಯಂತರ ಸೂಕ್ಷ್ಮಜೀವಿಗಳಿರುತ್ತವೆ. ಯಾವ ಜಾತಿಯವು ಎಷ್ಟು ಎಂಬ ಲೆಕ್ಕ ಒಬ್ಬರಂತೆ ಇನ್ನೊಬ್ಬರಲ್ಲಿ ಇರುವುದಿಲ್ಲ. ಮುಟ್ಟಿದ್ದರ ಮೇಲೆಲ್ಲ ಅವುಗಳ ಒಂದು ಚೂರು ಉಳಿಯುತ್ತದೆ. ಮೂಗು ಆ ಚೂರನ್ನು ಗಾಳಿಯ ಜೊತೆ ಎಳೆದುಕೊಂಡು, ಓದಿ, ಪುರಸಭೆಯ ಪಟ್ಟಿಯೊಡನೆ ಹೋಲಿಸುತ್ತಿತ್ತು. ಪಟ್ಟಿ ಮಾಡುವುದು ಕಷ್ಟವಾಗಿರಲಿಲ್ಲ. ಎರಡು ವರ್ಷದ ಹಿಂದೆ ಪ್ರತಿ ಮನೆಯ ಗೇಟಿನ ಚಿಲಕವನ್ನು ಒಂದೊಂದು ಹತ್ತಿಯ ತುಂಡಿನಿಂದ ಒರೆಸಿಕೊಂಡು ಹೋಗಿದ್ದರು. ಪೌರಕಾರ್ಮಿಕರ ಗುರುತನ್ನು ಅವರ ಕೈಯಿಂದಲೇ ತೆಗೆದುಕೊಂಡಿದ್ದರು.

ಅದನ್ನು ಕಂಡುಹಿಡಿದವಳು ಡಾ. ಅನ್ವಿತಾ. ನಲವತ್ತರ ಜೀವವಿಜ್ಞಾನಿ. ಅದೇ ವಾರ್ಡಿನ ಅರವತ್ನಾಲ್ಕನೇ ಮನೆಯಲ್ಲಿ ತಾಯಿ ಸವಿತಾ ಅವರ ಜೊತೆ ಇದ್ದಳು. ಟ್ರಾನ್ಸ್‌ಫಾರ್ಮರ್ ಕೆಳಗಿನ ಕಸದ ಗುಡ್ಡೆಯ ವಿಷಯದಲ್ಲಿ ಊರು ಮೂವತ್ತು ವರ್ಷದಿಂದ ಜಗಳವಾಡುತ್ತಿತ್ತು. ಕಾರ್ಮಿಕರು ಅಲ್ಲಿ ಸುರಿಯುತ್ತಾರೆಂದು ಜನ, ಜನ ಸುರಿಯುತ್ತಾರೆಂದು ಕಾರ್ಮಿಕರು. ಜಗಳ ಮುಗಿಸಲು ಮೂಗು ಬಂತು. ನಿಯಮ ಸರಳವಾಗಿತ್ತು. ತಪ್ಪು ಜಾಗದಲ್ಲಿ ಕಸವೋ ನಿಷೇಧಿಸಿದ ವಸ್ತುವೋ ಸಿಕ್ಕರೆ ಅದರ ಮಾಲೀಕರಿಗೆ ಒಂದು ಕೆಂಪು ಗುರುತು. ಮೂರು ಬಿದ್ದರೆ ಆ ಮನೆಯ ಕಸವನ್ನು ಒಂದು ತಿಂಗಳು ಎತ್ತುವುದಿಲ್ಲ. ಕಾರ್ಮಿಕರಿಗೆ ಮೂರು ಬಿದ್ದರೆ ಕೆಲಸದಿಂದ ತೆಗೆಯುತ್ತಾರೆ. ಇದಕ್ಕೆ ಪುರಸಭೆ ಸಮಾನ ನ್ಯಾಯ ಎಂದು ಹೆಸರಿಟ್ಟಿತ್ತು.

ಗುಡ್ಡೆ ಮೂರು ತಿಂಗಳಲ್ಲಿ ಕರಗಿತು. ಕರಗಿದ ಮೇಲೆ ಅದರ ಹಿಂದಿನ ಮೋರಿ ಕಾಣಿಸಿತು. ಮೋರಿಯೊಳಗೆ ನಲವತ್ತೊಂದು ಚಹಾದ ಕಪ್‌ಗಳಿದ್ದವು. ಒಳಮೈಗೆ ಪ್ಲಾಸ್ಟಿಕ್ ಬಳಿದ, ಒಮ್ಮೆ ಕುಡಿದು ಎಸೆಯುವ ಕಾಗದದ ಕಪ್. ಅವನ್ನು ನಿಷೇಧಿಸಿ ಒಂಬತ್ತು ವರ್ಷವಾಗಿತ್ತು. ಆರೋಗ್ಯ ನಿರೀಕ್ಷಕ ಕೈಯಲ್ಲಿ ಹಿಡಿಯುವ ಸಣ್ಣ ಮೂಗು ತಂದು ಒಂದೊಂದನ್ನೇ ಓದಿಸಿದ. ನಲವತ್ತೊಂದಕ್ಕೂ ಒಂದೇ ಹೆಸರು ಬಂತು: ಹುಲಿಗೆಮ್ಮ, ಪೌರಕಾರ್ಮಿಕಳು, ಏಳನೇ ವಾರ್ಡು.

ಹನ್ನೊಂದು ವರ್ಷ ಗುತ್ತಿಗೆಯಲ್ಲಿ ದುಡಿದ ಅವಳ ಹೆಸರು ಮುಂದಿನ ತಿಂಗಳ ಕಾಯಂ ಪಟ್ಟಿಯಲ್ಲಿತ್ತು. ಈಗ ಅದೇ ಹೆಸರು ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ, ವಜಾ ಪ್ರಸ್ತಾಪದಲ್ಲಿ ಬಂತು.

ಸಭೆ ಹನ್ನೊಂದು ಗಂಟೆಗೆ ಶುರುವಾಯಿತು. ಹುಲಿಗೆಮ್ಮನನ್ನು ಹೇಳಿಕೆಗೆ ಕರೆಸಿದ್ದರು. ಅವಳು ಬಾಗಿಲ ಪಕ್ಕ ನಿಂತಿದ್ದಳು. ಅಲ್ಲಿ ನಾಲ್ಕು ಖಾಲಿ ಕುರ್ಚಿಗಳಿದ್ದವು. ಕೂಡು ಎಂದು ಯಾರೂ ಹೇಳಲಿಲ್ಲ. ಅಧ್ಯಕ್ಷರ ಪಕ್ಕದಲ್ಲಿ ತಜ್ಞರ ಕುರ್ಚಿಯಲ್ಲಿದ್ದ ಅನ್ವಿತಾಳೂ ಹೇಳಲಿಲ್ಲ.

"ಏನವ್ವಾ, ಆ ಕಪ್ಪಿನ್ಯಾಗ ಕುಡದಾಕಿ ನೀನ ಹೌದಲ್ಲ?" ಎಂದರು ಅಧ್ಯಕ್ಷ ವೀರಭದ್ರಪ್ಪ.

"ಹೌದ್ರಿ."

"ಮೋರ್ಯಾಗ ತುರುಕಿದ್ದೂ?"

"ನಾನ ರೀ."

"ಮತ್ತ ಚರ್ಚೆ ಯಾಕ?" ಎಂದ ಏಳನೇ ವಾರ್ಡಿನ ಸದಸ್ಯ ಚೇತನ್. "ಊರ ಸ್ವಚ್ಛ ಮಾಡೋರ ಊರ ಹೊಲಸ ಮಾಡಿದ್ರ ಹೆಂಗ? ಜನರಿಗೊಂದು ಕಾನೂನು, ನೌಕರರಿಗೊಂದು ಕಾನೂನು ಇಲ್ಲ. ಯಂತ್ರ ಪಕ್ಷ ನೋಡೂದಿಲ್ಲ, ಜಾತಿ ನೋಡೂದಿಲ್ಲ. ಅದಕ್ಕ ಅದನ್ನ ತಂದೀವಿ."

ಹನ್ನೆರಡನೇ ವಾರ್ಡಿನ ಹಿರಿಯ ಸದಸ್ಯ ದಾದಾಪೀರ್ ಕನ್ನಡಕ ಒರೆಸುತ್ತಿದ್ದರು. "ಚೇತನ್ ಸಾಹೇಬ್ರ, ಒಂದ ಸಣ್ಣ ಅನುಮಾನ. ಈ ಕಪ್ ಈಗ ಹೋಟೆಲಿನ್ಯಾಗೂ ಸಿಗಂಗಿಲ್ಲ. ಆಕಿಗೆ ನಲವತ್ತೊಂದು ಎಲ್ಲಿಂದ ಬಂದ್ವು? ಗಿಡದಾಗ ಬಿಡ್ತಾವೇನು?"

ಯಾರೋ ನಕ್ಕರು. ಅಧ್ಯಕ್ಷರು ಹುಲಿಗೆಮ್ಮನ ಕಡೆ ನೋಡಿದರು.

"ಅದರಾಗ ಚಾ ಕೊಡ್ತಾರಲ್ರೀ," ಎಂದಳು ಅವಳು.

"ಯಾರು?"

"ಓಣಿಯವ್ರು."

"ಮನಿ ಹೆಸರು ಹೇಳು."

"ಅದನ್ನ ಹೇಳಾಂಗಿಲ್ರೀ. ಕೆಲಸ ಉಳದ್ರ ನಾಳೆ ಅದ ಓಣಿಗೆ ಹೋಗಬೇಕು."

"ಕುಡದು ಕಪ್ ವಾಪಸ್ ಕೊಡಬೇಕಿಲ್ಲೋ?"

ಹುಲಿಗೆಮ್ಮ ಅಧ್ಯಕ್ಷರನ್ನು, ಈ ಮನುಷ್ಯ ನಿಜವಾಗಿ ತಿಳಿಯದೆ ಕೇಳುತ್ತಿದ್ದಾನೆಯೇ ಎಂದು ಒಂದು ಗಳಿಗೆ ನೋಡಿದಳು. "ನಾ ಕುಡದದ್ದನ್ನ ಅವರು ತಗೊಳ್ಳಾಂಗಿಲ್ರೀ. ಹೋಗ್ತಾ ಎಲ್ಲ್ಯಾರ ಒಗದುಬಿಡು ಅಂತಾರ. ಗಾಡಿಗೆ ಹಾಕಿದ್ರ ಮೂಗು ನನ್ನ ಹೆಸರು ಒದರ್ತದ. ಮೂರ ಸಲ ಒದರಿದ್ರ ಕೆಲಸ ಹೋಗ್ತದ. ಅದಕ್ಕ ಮೋರ್ಯಾಗ ಇಟ್ಟೆ. ತಪ್ಪ ಐತಿ."

ಅನ್ವಿತಾಳಿಗೆ ಆಗ ಅರ್ಥವಾಯಿತು. ಒಂದೊಂದು ಮನೆಯಲ್ಲೂ ಹಳೆಯ ಮದುವೆ, ಹುಟ್ಟುಹಬ್ಬಗಳಲ್ಲಿ ಉಳಿದ ಕಪ್‌ಗಳ ಕಟ್ಟು ಇತ್ತು. ಅವನ್ನು ಸ್ವಂತ ಬಕೆಟ್ಟಿಗೆ ಹಾಕಿದರೆ ಕೆಂಪು ದೀಪ. ಆದರೆ ಬೇರೆಯವರ ತುಟಿ ತಾಗಿದ ಕಪ್ ಬೇರೆಯವರದ್ದಾಗುತ್ತಿತ್ತು. ಒಂದು ವಸ್ತುವಿನ ಮೇಲೆ ಹಲವರ ಗುರುತಿದ್ದರೆ, ಬಲವಾದ ಗುರುತು ಯಾರದೋ ಅವರೇ ಮಾಲೀಕರು ಎಂಬ ನಿಯಮ ಬರೆದವಳು ಅವಳೇ. ಒಂದು ಮಧ್ಯಾಹ್ನ, ಊಟಕ್ಕೆ ಏಳುವ ಅವಸರದಲ್ಲಿ ಬರೆದಿದ್ದಳು. ತುಟಿಯ ಗುರುತು ಬೆರಳಿನದಕ್ಕಿಂತ ಸಾವಿರ ಪಟ್ಟು ಬಲ. ಯಾರು ಕುಡಿಯುತ್ತಾರೆ, ಯಾರು ಕೊಡುತ್ತಾರೆ ಎಂದು ಅವಳು ಯೋಚಿಸಿರಲಿಲ್ಲ. ಓಣಿಯವರು ಯೋಚಿಸಿದ್ದರು. ಮನೆಯ ಲೋಟವನ್ನೂ ಕೊಡಬೇಕಿಲ್ಲ, ಕಪ್ಪಿನ ಕಟ್ಟೂ ಕರಗುತ್ತದೆ.

"ಆಕಿ ಮಾತಿಗೆ ಸಾಕ್ಷಿ ಏನು?" ಎಂದ ಚೇತನ್. "ಮೇಡಂ, ನಿಮ್ಮ ಯಂತ್ರ ಏನಂತದ, ಅಷ್ಟ ಹೇಳ್ರಿ."

"ಯಂತ್ರದ ಓದಿನ ಮೊದಲ ಪದರದಲ್ಲಿ ಅವಳ ಗುರುತೇ ಇದೆ," ಎಂದಳು ಅನ್ವಿತಾ.

"ಅಂದ್ರ ಎರಡನೇ ಪದರನೂ ಐತೇನು?" ಎಂದರು ದಾದಾಪೀರ್.

"ಇದೆ. ಮಸುಕಾದ ಗುರುತುಗಳನ್ನು ಅದು ಓದುತ್ತದೆ. ಆದರೆ ಅಷ್ಟು ಖಚಿತವಲ್ಲ."

ಅದು ಸುಳ್ಳು. ಪ್ರಯೋಗಾಲಯದಲ್ಲಿ ಎರಡನೇ ಪದರ ನೂರಕ್ಕೆ ತೊಂಬತ್ತೆಂಟು ಸಲ ಸರಿಯಾಗಿತ್ತು. ಹೇಳುವಾಗಲೇ ಅವಳಿಗೆ ಅದು ಸುಳ್ಳೆಂದು ಗೊತ್ತಿತ್ತು. ಅವಳ ಕಣ್ಣ ಮುಂದೆ ಇದ್ದದ್ದು ಅಡುಗೆಮನೆಯ ರವೆ ಡಬ್ಬಿಯ ಹಿಂದಿನ ಕಪ್ಪಿನ ಕಟ್ಟು, ಮತ್ತು ತಾಯಿ ಸ್ನಾನಕ್ಕೆ ಹೋಗಿದ್ದ ಎರಡು ಭಾನುವಾರ.

"ಹಂಗಾದ್ರ ಮುಗೀತು," ಎಂದು ಅಧ್ಯಕ್ಷರು ಕಡತ ಎಳೆದುಕೊಂಡು ಪೆನ್ನು ತೆಗೆದರು.

"ಸಾಹೇಬ್ರ, ನಾ ಹೋಗ್ಲ್ಯಾ?" ಎಂದು ಹುಲಿಗೆಮ್ಮ ಕೇಳಿದಳು. "ಎರಡನೇ ಟ್ರಿಪ್ ಬಾಕಿ ಐತಿ. ಬಿಸಿಲೇರಿದ್ರ ಹಸಿ ಕಸ ನಾರ್ತದ, ಜನ ಬೈತಾರ."

ಅನ್ವಿತಾ ತಲೆ ತಗ್ಗಿಸಿದಳು. ಆಮೇಲೆ, "ಒಂದು ನಿಮಿಷ," ಎಂದಳು.

ಅವಳು ಮುಂದಿದ್ದ ಕಂಪ್ಯೂಟರಿನಲ್ಲಿ ಎರಡನೇ ಪದರ ತೆರೆದಳು. ಗೋಡೆಯ ಮೇಲೆ ಒಂದು ಕಪ್ಪಿನ ಚಿತ್ರ ಆಳೆತ್ತರಕ್ಕೆ ಮೂಡಿತು. ಬಾಯಂಚಿನಲ್ಲಿ ದಟ್ಟ ನೀಲಿ, ಅದು ಹುಲಿಗೆಮ್ಮನ ತುಟಿ. ನಡುವೆ ಅವಳ ಬೆರಳುಗಳು. ತಳದ ಹತ್ತಿರ ಎರಡು ಹಳದಿ ಚುಕ್ಕೆ. ಅಡಿಯಲ್ಲಿ ಬೂದು ಬಣ್ಣದ ಪುಡಿ.

"ಹಳದಿ ಚುಕ್ಕೆ ಕೊಟ್ಟವರ ಬೆರಳ ತುದಿ," ಎಂದಳು. "ಬೂದು ಪುಡಿ ಸಿಮೆಂಟು. ಗೇಟಿನ ಕಂಬದ್ದು. ಕೈಯಿಂದ ಕೈಗೆ ಕೊಟ್ಟಿದ್ದರೆ ಎರಡು ಬಣ್ಣ ಎಲ್ಲಾದರೂ ಬೆರೆತಿರುತ್ತಿದ್ದವು. ನಲವತ್ತೊಂದರಲ್ಲಿ ಒಂದರ ಮೇಲೂ ಬೆರೆತಿಲ್ಲ."

ಅವಳು ಗುಂಡಿ ಒತ್ತಿದಳು. ಚಿತ್ರ ಹೋಗಿ ಮನೆ ಸಂಖ್ಯೆಗಳು ಬಂದವು. ಇಪ್ಪತ್ತಮೂರು ಮನೆ. ಮೂವತ್ತೊಂದನೆಯದು ಚೇತನನದು. ಅವನು ಫೋನ್ ತೆಗೆದು ಏನನ್ನೋ ಹುಡುಕತೊಡಗಿದ.

"ಅರವತ್ನಾಲ್ಕಕ್ಕ ಐದು ಕಪ್ ಐತಿ. ಯಾರದದು?" ಎಂದರು ದಾದಾಪೀರ್.

"ನಮ್ಮದು," ಎಂದಳು ಅನ್ವಿತಾ. "ಮೂರು ನಮ್ಮ ತಾಯಿ ಕೊಟ್ಟದ್ದು. ಎರಡರ ಮೇಲೆ ಇರುವುದು ನನ್ನ ಬೆರಳು."

ಅವಳು ಹುಲಿಗೆಮ್ಮನ ಕಡೆ ನೋಡಲಿಲ್ಲ. ಸಭೆಯಲ್ಲಿ ಯಾರೂ ನೋಡಲಿಲ್ಲ. ಹುಲಿಗೆಮ್ಮ ಗೋಡೆಯ ಮೇಲಿನ ಪಟ್ಟಿಯನ್ನು ನೋಡುತ್ತಿದ್ದಳು. ಅದು ಅವಳಿಗೆ ಹೊಸದಾಗಿರಲಿಲ್ಲ.

"ನಮ್ಮ ವಾರ್ಡಿಗೆ ಮೂಗು ಇನ್ನೂ ಬಂದಿಲ್ಲ," ಎಂದರು ದಾದಾಪೀರ್. "ಅದ ನಮ್ಮ ಪುಣ್ಯ." ಈ ಸಲ ಯಾರೂ ನಗಲಿಲ್ಲ. ಅವರೂ ನಗಿಸಲು ಹೇಳಿರಲಿಲ್ಲ.

ಆಮೇಲೆ ಚರ್ಚೆ ನಡೆಯಿತು. ಮುಕ್ಕಾಲು ಗಂಟೆ. ಹುಲಿಗೆಮ್ಮನನ್ನು ಎರಡನೇ ಟ್ರಿಪ್ಪಿಗೆ ಕಳಿಸಿಬಿಟ್ಟಿದ್ದರು. ಚರ್ಚೆ ಚಹಾದ ಬಗ್ಗೆ ಇರಲಿಲ್ಲ.

"ಇದು ಮನಿ ಒಳಗಿನ ವಿಚಾರ," ಎಂದ ಚೇತನ್. ದನಿ ಮರಳಿ ಬಂದಿತ್ತು. "ಯಾರು ಯಾರಿಗೆ ಯಾವುದ್ರಾಗ ಕೊಡ್ತಾರ ಅನ್ನೂದು ಪುರಸಭೆಗೆ ಯಾಕ ಬೇಕು? ಕೊಡೂದ ದೊಡ್ಡದು. ಬ್ಯಾರೆ ಊರಾಗ ನೀರೂ ಕೊಡಂಗಿಲ್ಲ. ಇವತ್ತು ಕಪ್ ನೋಡೀರಿ, ನಾಳೆ ಹಾಸಿಗಿ ನೋಡ್ತೀರಿ."

ಹಾಸಿಗೆಯ ಮಾತು ಎಲ್ಲರಿಗೂ ಹಿಡಿಸಿತು. ಖಾಸಗಿತನ ಎಂಬ ಪದ ಬಂತು, ಮತ್ತೆ ಮತ್ತೆ ಬಂತು. ಕೊನೆಗೆ ಎರಡು ಠರಾವುಗಳಾದವು. ಒಂದು, ಪೌರಕಾರ್ಮಿಕಳ ವಜಾ ಪ್ರಸ್ತಾಪವನ್ನು ತಾಂತ್ರಿಕ ಗೊಂದಲದ ಕಾರಣ ಕೈಬಿಡಲಾಗಿದೆ. ಎರಡು, ನಾಗರಿಕರ ಖಾಸಗಿತನದ ಹಿತದೃಷ್ಟಿಯಿಂದ ಪುರಸಭೆಯ ಎಲ್ಲ ಸ್ಪರ್ಶಶೋಧಕಗಳಲ್ಲಿ ಎರಡನೇ ಪದರವನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಸರ್ವಾನುಮತ. ದಾದಾಪೀರರೂ ಕೈ ಎತ್ತಿದರು. ನಡಾವಳಿ ಪುಸ್ತಕದಲ್ಲಿ ಕಪ್ ಎಂಬ ಪದವಾಗಲಿ ಚಹಾ ಎಂಬ ಪದವಾಗಲಿ ಇರಲಿಲ್ಲ.

ಎರಡನೆಯದಕ್ಕೆ ತಜ್ಞರ ಒಪ್ಪಿಗೆ ಬೇಕಿತ್ತು. ಅನ್ವಿತಾ ಸಹಿ ಮಾಡಿದಳು. ಕೆಲಸ ಉಳಿಯಿತಲ್ಲ, ಅಷ್ಟು ಸಾಕು ಎಂದುಕೊಂಡಳು. ಪಟ್ಟಿ ಇನ್ನು ಯಾರಿಗೂ ಕಾಣುವುದಿಲ್ಲ ಎಂದಾಗ ಮೈ ಹಗುರಾಯಿತು. ಹಗುರಾದದ್ದು ಅವಳಿಗೆ ಗೊತ್ತಾಯಿತು. ಸುಳ್ಳು ಹೇಳಿದ್ದನ್ನು ಮರೆಯಬಹುದಿತ್ತು, ಇದನ್ನು ಮರೆಯುವುದು ಅವಳಿಂದ ಆಗಲಿಲ್ಲ.

ಓಣಿಯಲ್ಲಿ ಮರುದಿನದಿಂದ ಚಹಾ ನಿಂತಿತು. ಒಂದು ಮನೆಯವರೂ ಕೊಡಲಿಲ್ಲ. ಪದರ ಮುಚ್ಚಿದ್ದಾರೆಂದು ಎಲ್ಲರಿಗೂ ತಿಳಿದಿತ್ತು, ಆದರೂ ಯಾಕೆ ಬೇಕು ಎಂದರು. ಲೋಟದಲ್ಲಿ ಕೊಡಬಹುದಿತ್ತು. ಅದು ಯಾರಿಗೂ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಹುಲಿಗೆಮ್ಮ ನಸುಕಿನ ಐದಕ್ಕೆ ಮನೆ ಬಿಟ್ಟು, ಹನ್ನೊಂದರವರೆಗೆ ಬರಿಹೊಟ್ಟೆಯಲ್ಲಿ ಗಾಡಿ ನಡೆಸಿದಳು. ಮೊದಲಾದರೆ ನಡುವೆ ಎರಡು ಮೂರು ಗುಟುಕು ಬಿಸಿ ಹೊಟ್ಟೆಗೆ ಬೀಳುತ್ತಿತ್ತು.

ಎಂಟನೇ ದಿನ ಅನ್ವಿತಾ ಸ್ಟೀಲ್ ಲೋಟದಲ್ಲಿ ಚಹಾ ಹಿಡಿದು ಗೇಟಿಗೆ ಬಂದಳು. ಕಂಬದ ಮೇಲೆ ಇಡಲಿಲ್ಲ. ಕೈ ಮುಂದೆ ಚಾಚಿದಳು.

ಹುಲಿಗೆಮ್ಮ ಕೈಗವಸು ತೆಗೆಯಲಿಲ್ಲ. "ಈಗ್ಯಾಕ್ರೀ ಅಕ್ಕಾ? ಅದಕ್ಕ ತೋರಸಾಕೇನು?" ಎಂದು ಗಾಡಿಯ ಮೂಗಿನ ಕಡೆ ಗದ್ದ ಎತ್ತಿದಳು.

"ಇಲ್ಲ. ನಿನಗೇ."

"ಹನ್ನೊಂದು ವರ್ಷ ಆತ್ರೀ ಈ ಗೇಟಿಗೆ ಬರಾಕ ಹತ್ತಿ." ದನಿಯಲ್ಲಿ ಸಿಟ್ಟಿರಲಿಲ್ಲ. ಸಮಯ ಹೇಳಿದ ಹಾಗೆ ಹೇಳಿದಳು. "ಬ್ಯಾಡ್ರಿ. ಬಕೇಟ್ ಕೊಡ್ರಿ, ಹೊತ್ತಾತು."

ಗಾಡಿ ಮುಂದಿನ ಮನೆಗೆ ಹೋಯಿತು. ಅನ್ವಿತಾ ತಣ್ಣಗಾಗುತ್ತಿದ್ದ ಲೋಟ ಹಿಡಿದು ಒಳಗೆ ಬಂದಳು.

"ಕುಡಿದಳೇನು?" ಎಂದರು ಸವಿತಾ, ಒಲೆಯ ಕಡೆಯಿಂದ ತಿರುಗದೆ.

"ಇಲ್ಲ."

"ಹಂಗಾದ್ರ ಒಳಗ, ನಮ್ಮ ಲೋಟದ ಜೊತಿ ಇಡು."

ಅನ್ವಿತಾ ಲೋಟವನ್ನು ಒಳಗಿಟ್ಟಳು.

ಆ ವರ್ಷದ ಕೊನೆಯಲ್ಲಿ ಸರ್ಕಾರ ಊರಾಚೆಯ ಹಳೆಯ ಕಸದ ಗುಡ್ಡವನ್ನು ಅಗೆದು ವಿಂಗಡಿಸಲು ಹೊರಟಿತು. ಕಸ ಯಾವ ಕಾಲದ್ದೆಂದು ತಿಳಿಯಲು ಅನ್ವಿತಾಳನ್ನು ಕರೆದರು. ಗುಡ್ಡ ಪದರ ಪದರವಾಗಿತ್ತು. ಒಂದು ಪದರದಲ್ಲಿ ಸಿಕ್ಕ ಹಾಲಿನ ಪ್ಯಾಕೆಟ್ಟಿನ ಮೇಲೆ ದಿನಾಂಕ ಇನ್ನೂ ಓದಲು ಬರುತ್ತಿತ್ತು: 2026. ಅದರ ಪಕ್ಕದಲ್ಲಿ ಒಂದು ಕಾಗದದ ಕಪ್. ಒಳಗಿನ ಪ್ಲಾಸ್ಟಿಕ್ ಅದನ್ನು ಕೊಳೆಯಲು ಬಿಟ್ಟಿರಲಿಲ್ಲ.

ಪ್ರಯೋಗಾಲಯದ ಮೂಗಿಗೆ ಪುರಸಭೆಯ ಠರಾವು ಅನ್ವಯಿಸುತ್ತಿರಲಿಲ್ಲ. ಅವಳು ಕಪ್ಪನ್ನು ಜಾಲರಿಯ ಮೇಲಿಟ್ಟು ಎರಡನೇ ಪದರ ತೆರೆದಳು. ಬಾಯಂಚಿನಲ್ಲಿ ಒಬ್ಬರ ತುಟಿ. ತಳದಲ್ಲಿ ಇನ್ನೊಬ್ಬರ ಎರಡು ಬೆರಳ ತುದಿ. ಎರಡೂ ಎಲ್ಲೂ ಬೆರೆತಿರಲಿಲ್ಲ. ಅಡಿಯಲ್ಲಿ ಸಿಮೆಂಟಿನ ಪುಡಿ. ಇಬ್ಬರ ಹೆಸರೂ ಪಟ್ಟಿಯಲ್ಲಿರಲಿಲ್ಲ. ಪಟ್ಟಿ ಆಗ ಹುಟ್ಟಿರಲಿಲ್ಲ.

ಆ ಕಾಲದ ಯಾವುದೋ ಮುಂಜಾನೆ ಆ ಕಪ್ಪನ್ನು ಕಂಬದ ಮೇಲಿಟ್ಟವರಿಗೆ ತಮ್ಮ ಬೆರಳು ಅದರ ಮೇಲೆ ಉಳಿಯುತ್ತದೆಂದು ಗೊತ್ತಿರಲಿಲ್ಲ. ಪಾಪ, ಚಳಿಯಲ್ಲಿ ಬಂದಿದ್ದಾಳೆ, ಒಂದು ಗುಟುಕು ಕುಡಿಯಲಿ ಎಂದು ಇಟ್ಟು, ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಅವರು ಬಾಗಿಲು ಹಾಕಿಕೊಂಡಿದ್ದರು.