ಇಳಿಸದ ಪರದೆ

ದಾದಿ ಪ್ರೌಟ್ ಇಳಿಸಿದ್ದ ಕಿಟಕಿಯ ಪರದೆಯನ್ನು ದೊಡ್ಡ ದೊರೆಸಾನಿ ಹೊನೋರಿಯಾ ತಮ್ಮ ಕೈಯಾರೆ ಮತ್ತೆ ಮೇಲಕ್ಕೆಳೆದರು. ವಾತದಿಂದ ಗೆಣ್ಣುಗಳೆಲ್ಲ ಬಾತು ಸೊಟ್ಟಗಾಗಿದ್ದ ಕೈ. ಹಗ್ಗ ಜಾರಿತು, ಮತ್ತೊಮ್ಮೆ ಜಾರಿತು. ಕೊನೆಗೆ ಅದನ್ನು ಮಣಿಕಟ್ಟಿಗೆ ಸುತ್ತಿಕೊಂಡು ಎಳೆದು ಕೊಕ್ಕೆಗೆ ಬಿಗಿದರು. ಮಾರ್ಚ್ ತಿಂಗಳ ಮುಂಜಾವಿನ ಮಂಕು ಬೆಳಕು ಒಳಗೆ ಬಂದು, ಹಾಸಿಗೆಯ ಮೇಲಿದ್ದ ಏಳು ವರ್ಷದ ಸಿಬಿಲ್‌ಳ ಮುಖದ ಮೇಲೆ ಬಿತ್ತು. ಮಗುವಿನ ಉಸಿರು ನಿಂತು ಇನ್ನೂ ಮೈ ಆರಿರಲಿಲ್ಲ.

"ಅಮ್ಮಾವ್ರೇ, ಇದೇನ್ ಮಾಡ್ತಿದ್ದೀರಿ?" ದಾದಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಸಾವಾದ ಮನೇಲಿ ಪರದೆ ಎತ್ತಿಡೋದುಂಟಾ? ನಮ್ಮಂಥ ಬಡವರ ಗುಡಿಸಲಲ್ಲೂ ಹರಕು ಗೋಣಿಯಾದ್ರೂ ಇಳಿಬಿಡ್ತೀವಿ. ಮಣ್ಣು ಮಾಡೋ ತನಕ ಬೆಳಕು ಒಳಗೆ ಬರಬಾರ್ದು."

"ನನಗೆ ಶಾಸ್ತ್ರ ಹೇಳ್ಕೊಡಬೇಡ ಪ್ರೌಟ್. ಈ ಮನೆಯ ಪರದೆಗಳನ್ನ ಎಷ್ಟು ಸಲ ಇಳಿಸಿದ್ದೀನಿ ಅಂತ ನನಗೆ ಗೊತ್ತು." ಮುದುಕಿಯ ದನಿ ಏರಲಿಲ್ಲ. "ಇವತ್ತೊಂದು ದಿನ ಈ ಮನೇಲಿ ಯಾರೂ ಸತ್ತಿಲ್ಲ. ಅಡಿಗೆಮನೆಗೂ ಹೋಗಿ ಹೇಳು."

ಹಾಸಿಗೆಯ ಕಾಲ್ದೆಸೆಯಲ್ಲಿ ಮಗಳ ಪಾದಗಳನ್ನು ಎರಡು ಅಂಗೈಗಳ ನಡುವೆ ಹಿಡಿದು ಕೂತಿದ್ದ ಲೆಟಿಸ್ ತಲೆ ಎತ್ತಿದಳು. ಅಷ್ಟು ದಿನ ನಿದ್ದೆಗೆಟ್ಟ ಕಣ್ಣಿಗೆ ಅತ್ತೆಯ ಕಪ್ಪು ಉಡುಪು, ಬೆಳಕಿನ ಚೌಕ, ಗೋಡೆ, ಎಲ್ಲ ಒಂದರೊಳಗೊಂದು ಕಲಸಿಕೊಂಡು ಕಂಡವು. "ಅತ್ತೆ... ಯಾಕೆ?"

"ಎವರಾರ್ಡ್ ಇನ್ನೇನು ಹಳ್ಳದ ಹತ್ರ ಬರ್ತಾನೆ. ಅಲ್ಲಿಂದ ನೇರ ರೈಲಿಗೆ. ಮಧ್ಯಾಹ್ನ ರಾಣಿಯವರು ಅವನ ಕೈಗೆ ಬಿಳಿ ಕೋಲು ಕೊಡ್ತಾರೆ. ಪರದೆ ಇಳಿದಿದ್ದು ಕಂಡ್ರೆ ಅವನು ಹೋಗಲ್ಲ. ಹೋದ್ರೂ ಸೂತಕದವನನ್ನ ಅರಮನೆ ಒಳಗೆ ಬಿಟ್ಕೊಳ್ಳಲ್ಲ. ಕೋಲು ಇನ್ಯಾರದೋ ಪಾಲಾಗುತ್ತೆ."

"ಅವರ ಮಗಳು ಸತ್ತಿದ್ದಾಳೆ ಅತ್ತೆ."

"ಸತ್ತವಳಿಗೆ ಅಪ್ಪ ಇವತ್ತು ಬಂದ್ರೇನು, ನಾಳೆ ಬಂದ್ರೇನು?"

ಲೆಟಿಸ್‌ಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕು.

ಆ ಬಿಳಿ ಕೋಲಿನ ಆಸೆ ಸೆಲ್‌ಮಾರ್ಶ್ ಮನೆತನದಲ್ಲಿ ಇಂದು ನಿನ್ನೆಯದಲ್ಲ. ಎವರಾರ್ಡನ ಅಪ್ಪ, ಹಿಂದಿನ ಲಾರ್ಡ್ ಸೆಲ್‌ಮಾರ್ಶ್, ಮೇಲ್ಮನೆಯ ಸಭೆಯಲ್ಲಿ ಒಂದು ಸಂಜೆ ನಾಲಿಗೆ ಹರಿಯಬಿಟ್ಟು ರಾಣಿಯವರ ಮುಗಿಯದ ವಿಧವೆತನದ ಬಗ್ಗೆ ಒಂದು ಮಾತಾಡಿದ್ದರು. ಪಕ್ಕದವರು ನಕ್ಕರು. ಅರಮನೆಯಲ್ಲಿ ಯಾರೂ ನಗಲಿಲ್ಲ. ಅಂದು ಮುಚ್ಚಿದ ಬಾಗಿಲು ಆ ಮನೆಯವರಿಗೆ ಮತ್ತೆ ತೆರೆಯಲಿಲ್ಲ. ಹೊನೋರಿಯಾ ಮಾತ್ರ ಪ್ರತಿ ವಸಂತದಲ್ಲೂ ದರ್ಬಾರಿಗೆ ಹೋಗುವ ಹೆಂಗಸರು ತಲೆಗೆ ಮುಡಿಯುವ ಉಷ್ಟ್ರಪಕ್ಷಿಯ ಗರಿಗಳನ್ನು ಪೆಟ್ಟಿಗೆಯಿಂದ ತೆಗೆಸಿ, ಬಿಸಿಲಿಗೆ ಕೊಡವಿಸಿ, ನುಸಿ ಹತ್ತದಂತೆ ಲವಂಗ ಹಾಕಿಸಿ ಮತ್ತೆ ಒಳಗಿಡಿಸುತ್ತಿದ್ದರು. ಮಗ ತಂದೆಯ ಹಾಗಲ್ಲ, ತೂಗಿ ಮಾತಾಡುವವನು. ಪಕ್ಷ ಸೋತಾಗಲೂ ಬಿಡಲಿಲ್ಲ, ಕರೆದಲ್ಲಿಗೆಲ್ಲ ಹೋದ, ಹೇಳಿದ ಕಡೆಯೆಲ್ಲ ಕೈ ಎತ್ತಿದ. ಈಗ ಅವನ ಪಕ್ಷ ಅಧಿಕಾರಕ್ಕೆ ಬಂದಿತ್ತು. ಅರಮನೆಯ ಮೇಲ್ವಿಚಾರಣೆಯ ಪದವಿ, ಅದರ ಗುರುತಿಗೆ ಒಂದು ಬಿಳಿ ಕೋಲು, ಅವನಿಗೆಂದು ನಿಕ್ಕಿಯಾಗಿತ್ತು.

ಆ ಕೋಲು ಹಿಡಿದವನು ದೊಡ್ಡ ದಿನಗಳಲ್ಲಿ ರಾಣಿಯವರ ಮುಂದೆ ನಡೆಯಬೇಕು. ಅವರಿಗೆ ಬೆನ್ನು ತೋರಿಸುವಂತಿಲ್ಲ. ಅಂದರೆ ಹಿಂದೆ ಹಿಂದೆ ನಡೆಯಬೇಕು, ತಿರುಗಿ ನೋಡದೆ, ಎಡವದೆ. ಚಳಿಗಾಲ ಪೂರ್ತಿ ಎವರಾರ್ಡ್ ಮಹಡಿಯ ಉದ್ದನೆಯ ಪಡಸಾಲೆಯಲ್ಲಿ ಬಿಲಿಯರ್ಡ್ಸ್ ಕೋಲು ಹಿಡಿದು ಅದನ್ನೇ ರೂಢಿ ಮಾಡಿದ. ರಾಣಿಯಾದವಳು ಸಿಬಿಲ್. ಚಹಾದ ಪಾತ್ರೆ ಬೆಚ್ಚಗಿರಲೆಂದು ಹೊದಿಸುವ ಕೆಂಪು ಉಣ್ಣೆಯ ಕುಲಾವಿಯೇ ಕಿರೀಟ. ಅದನ್ನು ತಲೆಗೇರಿಸಿಕೊಂಡು ಗತ್ತಿನಿಂದ ನಡೆಯುತ್ತ, "ಎಡಕ್ಕೆ ಅಪ್ಪಾ, ಎಡಕ್ಕೆ! ಕುರ್ಚಿ ಇದೆ" ಎನ್ನುತ್ತಿದ್ದಳು.

"ನಿಜವಾದ ರಾಣಿಯವರು ಹಾಗೆಲ್ಲ ದಾರಿ ಹೇಳಲ್ಲ ಕಣೇ."

"ನಾನು ಒಳ್ಳೇ ರಾಣಿ. ಹೇಳ್ತೀನಿ."

ಎವರಾರ್ಡ್ ಲಂಡನ್ನಿನಲ್ಲಿದ್ದಾಗ ಮಗುವಿಗೆ ಗಂಟಲಮಾರಿ ಬಂತು. ಅದು ಕಾಲಿಟ್ಟ ಮನೆಯ ಸೂರಿನಡಿ ನಿಂತವರು ವಾರಗಟ್ಟಲೆ ಅರಮನೆಯ ಹೊಸ್ತಿಲು ತುಳಿಯುವಂತಿಲ್ಲ. ಓಡೋಡಿ ಬಂದ ಮಗನನ್ನು ಹೊನೋರಿಯಾ ಹೊರಬಾಗಿಲಲ್ಲೇ ತಡೆದರು. ಮನೆಯ ಮುಂದಿನ ಹುಲ್ಲುಹಾಸಿಗೂ ಕುರಿ ಮೇಯುವ ಬಯಲಿಗೂ ನಡುವೆ ಒಂದು ಆಳದ ಹಳ್ಳವಿತ್ತು. ಕುರಿಗಳು ದಾಟಿ ಬರಬಾರದು, ದೊರೆಗಳ ಕಣ್ಣಿಗೆ ಬೇಲಿಯೂ ಬೀಳಬಾರದು ಎಂದು ಮುತ್ತಜ್ಜಂದಿರು ತೋಡಿಸಿದ್ದು. ಕಿಟಕಿಯಿಂದ ನೋಡಿದರೆ ಹಳ್ಳವಿರುವುದೇ ತಿಳಿಯದು, ಹುಲ್ಲು ಒಂದೇ ಸಮನೆ ದಿಬ್ಬದವರೆಗೆ ಹರಿದಂತೆ ಕಾಣುತ್ತದೆ. ಎವರಾರ್ಡ್ ಆಚೆ ದಡದಲ್ಲಿ, ಗೇಣಿ ರೈತ ಏಮೋಸ್ ಥ್ರೇಲ್‌ನ ಮನೆಯಲ್ಲಿ ಉಳಿದುಕೊಂಡ. ದಿನಾ ಬೆಳಿಗ್ಗೆ ಹಳ್ಳದಂಚಿಗೆ ಬಂದು ನಿಲ್ಲುತ್ತಿದ್ದ. ಲೆಟಿಸ್ ಮಗುವನ್ನು ಕಿಟಕಿಗೆ ಎತ್ತಿ ಹಿಡಿಯುತ್ತಿದ್ದಳು. ಅವನು ನೆಲಮುಟ್ಟ ಬಾಗಿ, ಕುರಿಗಳ ನಡುವೆ ಹಿಂದೆ ಹಿಂದೆ ನಡೆದು ಹೋಗುತ್ತಿದ್ದ. ಒಂದು ದಿನ ಒಂದು ಕುರಿಗೆ ತಾಗಿ ಮುಗ್ಗರಿಸಿ ಬಿದ್ದ. ಸಿಬಿಲ್ ನಕ್ಕಳು, ಗಂಟಲು ಕಟ್ಟಿ ಕೆಮ್ಮು ಬರುವವರೆಗೂ ನಕ್ಕಳು. ಅವಳು ನಕ್ಕಿದ್ದು ಅದೇ ಕೊನೆ.

ಮಗುವಿನ ಉಸಿರು ಗೊರಗೊರ ಎನ್ನತೊಡಗಿದ ದಿನ ಲೆಟಿಸ್ ಕಿಟಕಿಯಿಂದ ಕೂಗಿ ಹೇಳಿದ್ದಳು. "ಒಂದ್ಸಲ ಒಳಗೆ ಬನ್ನಿ. ಅಪ್ಪ ಹತ್ರ ಬರ್ತಾರಾ ಅಂತ ಕೇಳ್ತಾನೇ ಇದ್ದಾಳೆ."

ಅವನು ಹಳ್ಳದಂಚಿನಲ್ಲಿ ಮುಂದಕ್ಕೊಂದು ಹೆಜ್ಜೆ ಇಟ್ಟ, ಹಿಂದೆ ತೆಗೆದ. "ಡಾಕ್ಟರು ತಡ್ಕೋತಾಳೆ ಅಂದ್ರಂತಲ್ಲ, ಅಮ್ಮ ಹೇಳಿ ಕಳಿಸಿದ್ರು. ಇನ್ನೊಂದೆರಡು ದಿನ ಲೆಟಿಸ್... ಕೋಲು ಕೈಗೆ ಬಂದ ಮರುಗಳಿಗೆ ಓಡಿ ಬರ್ತೀನಿ."

ಡಾಕ್ಟರು ಹಾಗೆ ಅಂದಿರಲಿಲ್ಲ. ಲೆಟಿಸ್ ತಿರುಗಿ ನೋಡಿದಾಗ ಅತ್ತೆ ಮಗುವಿನ ಹಣೆಯ ಬಟ್ಟೆ ಬದಲಿಸುತ್ತಿದ್ದರು. ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಈಗ ಬೆಳಕು ಬಲಿಯುತ್ತಿತ್ತು. ದಿಬ್ಬದ ಕಡೆ ನಾಯಿ ಬೊಗಳಿತು. ಲೆಟಿಸ್ ಎದ್ದು ನಿಂತಳು. "ನಾನು ಹೇಳ್ತೀನಿ ಅತ್ತೆ. ಕೂಗಿ ಹೇಳ್ತೀನಿ."

ಅತ್ತೆ ಅಡ್ಡ ಬರಲಿಲ್ಲ. ತಾವೇ ಕಿಟಕಿಯ ಚಿಲಕ ತೆಗೆದು ಪಕ್ಕಕ್ಕೆ ಸರಿದರು. "ಹೇಳು. ನಿನ್ನ ಬಾಯಿ ಕಟ್ಟೋಕೆ ನಾನ್ಯಾರು? ಅವನು ಹಳ್ಳ ಹಾರಿ ಬರ್ತಾನೆ. ಈ ಹಾಸಿಗೆ ಮೇಲೆ ಬಿದ್ದು ಅವಳ ಬಾಯಿಗೆ ಬಾಯಿಟ್ಟು ಅಳ್ತಾನೆ. ನನ್ನ ಮಗ ಹೇಗೆ ಅಳ್ತಾನೆ ಅಂತ ನನಗೆ ಗೊತ್ತು. ಮುಂದಿನ ವಾರ ಅವನ ಗಂಟಲು ಕಟ್ಟುತ್ತೆ. ಆಮೇಲೆ ಪರದೆ ಎತ್ತೋದೋ ಇಳಿಸೋದೋ ಅನ್ನೋ ಜಗಳ ನಮ್ಮಿಬ್ಬರಿಗೂ ಇರಲ್ಲ."

ಎವರಾರ್ಡ್ ಬರುತ್ತಿದ್ದ. ಮಗಳು ಕೇಳಿದ್ದಳೆಂದು ದರ್ಬಾರಿನ ಉಡುಪನ್ನೇ ತೊಟ್ಟಿದ್ದ. ಎದೆ ತುಂಬ ಚಿನ್ನದ ಕಸೂತಿಯ ಕೋಟು, ಬಿಳಿ ಕಾಲುಚೀಲ, ಸೊಂಟದಲ್ಲಿ ಕತ್ತಿ. ಹಿಂದೆ ಏಮೋಸ್ ಥ್ರೇಲ್, ದೊರೆಯ ಕೋಟಿನ ಅಂಚು ಇಬ್ಬನಿಗೆ ತೊಯ್ಯದಂತೆ ಕರು ಎತ್ತಿಕೊಂಡವನ ಹಾಗೆ ಎರಡು ಕೈಯಲ್ಲೂ ಹಿಡಿದಿದ್ದ. ಅವನ ದನಿ ಹೊಲದ ದನಿ, ಕಿಟಕಿಯವರೆಗೂ ಕೇಳುತ್ತಿತ್ತು.

"ಆ ಕಡೆ ಹಿಕ್ಕೆ ಐತೆ ದೊರೆ, ಈ ಕಡೆ ಬನ್ನಿ. ನಮ್ಮ ಟಗರಿನ ಮುಂದೆ ಮಾತ್ರ ಹೋಗ್ಬೇಡಿ. ಯಾವನಪ್ಪ ಇವನು ನನಗಿಂತ ಚಂದದವನು ಅಂತ ಹಾಯೋಕೆ ಬಂದೀತು."

"ಹಾಯ್ಲಿ ಬಿಡು. ರಾಣಿಯವರಿಗೆ ಇನ್ನೊಂದ್ಸಲ ನಗು ಬರುತ್ತೆ." ಎವರಾರ್ಡ್ ಹಳ್ಳದಂಚಿಗೆ ಬಂದು ತಲೆಯೆತ್ತಿದ. ಸಾಲು ಸಾಲು ಕಿಟಕಿ, ಎಲ್ಲದರ ಪರದೆಯೂ ಮೇಲೆ. ಅವನ ಮುಖ ಅರಳಿತು. "ಲೆಟಿಸ್! ಮಹಾರಾಣಿಯವರು ಎದ್ದಿದ್ದಾರಾ? ಅವರ ಸೇವಕ ಬಂದಿದ್ದಾನೆ ಅಂತ ಹೇಳು. ಚಿನ್ನದ ಕೋಟು ತೋರ್ಸು ಅವಳಿಗೆ."

ಲೆಟಿಸ್ ಬಾಯಿ ತೆರೆದಳು. ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಎರಡೇ ಎರಡು ಶಬ್ದ. ಆ ಮುಖ ನೋಡಿದಳು. ಮದುವೆಯಾದಂದಿನಿಂದ ಅಷ್ಟು ಹಗುರವಾದ ಮುಖವನ್ನು ಅವಳು ಕಂಡಿರಲಿಲ್ಲ. ಕಿಟಕಿಯ ಹಲಗೆಯ ಮೇಲೆ ಆ ಕೆಂಪು ಕುಲಾವಿ ಬಿದ್ದಿತ್ತು. ಅವಳ ಕೈ ಅದನ್ನು ತೆಗೆದುಕೊಂಡಿತು. ಎದೆಗೆ ಒತ್ತಿಕೊಂಡು, ಮಗು ನಿಂತರೆ ಎಷ್ಟೆತ್ತರಕ್ಕೆ ಬರುತ್ತಿತ್ತೋ ಅಷ್ಟೆತ್ತರಕ್ಕೆ ಹಿಡಿಯಿತು.

ಅಷ್ಟು ದೂರಕ್ಕೆ ಅದೇ ಸಾಕಾಯಿತು.

ಎವರಾರ್ಡ್ ಬಾಗಿದ. ನಿಧಾನವಾಗಿ, ತಲೆ ಮೊಣಕಾಲು ಮುಟ್ಟುವಷ್ಟು ಬಾಗಿದ. ಆಮೇಲೆ ಕೈಯಲ್ಲಿ ಇಲ್ಲದ ಕೋಲನ್ನು ಇರುವಂತೆ ಹಿಡಿದು ಹಿಂದೆ ಹಿಂದೆ ನಡೆಯತೊಡಗಿದ. ಏಮೋಸ್ ಕೋಟು ಬಿಟ್ಟು ನಗುತ್ತ ಪಕ್ಕಕ್ಕೆ ಹಾರಿದ. ಕುರಿಗಳು ಸರಿದು ದಾರಿ ಬಿಟ್ಟವು. ಅಂದು ಎವರಾರ್ಡ್ ಒಮ್ಮೆಯೂ ಎಡವಲಿಲ್ಲ. ಬಯಲ ತುದಿಯ ಓಕ್ ಮರದವರೆಗೂ ಮುಖವನ್ನು ಕಿಟಕಿಯ ಕಡೆಗೇ ಇಟ್ಟುಕೊಂಡು ನಡೆದು, ಅಲ್ಲಿ ಟೋಪಿ ಬೀಸಿ, ತಿರುಗಿ ಹೊರಟುಹೋದ.

ರೈಲಿನ ಕೂಗು ಕೇಳಿಸುವವರೆಗೂ ಲೆಟಿಸ್ ಕುಲಾವಿ ಹಿಡಿದು ನಿಂತೇ ಇದ್ದಳು. ಕೂಗು ಕೇಳಿದ ಮೇಲೆ ಹೊನೋರಿಯಾ ಆಳುಗಳನ್ನು ಕರೆಯದೆ, ಒಬ್ಬರೇ ಕೋಣೆಯಿಂದ ಕೋಣೆಗೆ ಹೋಗಿ ಇಡೀ ಮನೆಯ ಪರದೆಗಳನ್ನು ಇಳಿಸಿದರು. ಹಗ್ಗಕ್ಕೆ ಅವರ ಅಂಗೈ ಕಿತ್ತುಹೋಗಿತ್ತು. ಕಟ್ಟು ಹಾಕಲು ಬಂದ ದಾದಿಯನ್ನು ಗದರಿ ಕಳಿಸಿದರು.

ಮರುದಿನ ಎವರಾರ್ಡ್ ಬಯಲ ತುದಿಯಿಂದಲೇ ಪರದೆಗಳನ್ನು ಕಂಡ. ಹಳ್ಳವನ್ನು ಹೇಗೆ ಇಳಿದನೋ ಹೇಗೆ ಹತ್ತಿದನೋ, ಕೋಣೆಗೆ ಬಂದಾಗ ಬಿಳಿ ಕಾಲುಚೀಲದ ತುಂಬ ಕೆಸರು. ಕೈಯಲ್ಲಿ ಕೋಲಿತ್ತು. ಅಂಥದ್ದೇನೂ ಇಲ್ಲ, ಸಪೂರನೆಯ ಬಿಳಿಯ ಕೋಲು. ಮಗುವಿನ ಶವಪೆಟ್ಟಿಗೆಯ ಮುಚ್ಚಳ ಆಗಲೇ ಮುಚ್ಚಿತ್ತು. ಅವನು ಅದರ ಮೇಲೆ ಕೈಯಿಟ್ಟ.

"ಯಾವಾಗ?"

"ನಿನ್ನೆ," ಎಂದಳು ಲೆಟಿಸ್. "ಬೆಳಕು ಹರಿಯೋ ಹೊತ್ತಿಗೆ."

"ನಾನು ಬರೋಕೆ ಮುಂಚೆ..."

"ಹೂಂ."

"ಕಿಟಕೀಲಿ ಕುಲಾವಿ ಕಂಡಿತ್ತಲ್ಲ?"

"ನಾನು ಹೇಳಿದ್ದು," ಎಂದರು ಹೊನೋರಿಯಾ ಮೂಲೆಯ ಕುರ್ಚಿಯಿಂದ. "ಎಲ್ಲಾ ನಾನೇ ಮಾಡಿಸಿದ್ದು ಎವರಾರ್ಡ್. ಅವಳನ್ನ ಏನೂ ಅನ್ನಬೇಡ."

"ಇಲ್ಲ. ಅತ್ತೆ ಎತ್ತಿದ್ದು ಪರದೆ," ಎಂದಳು ಲೆಟಿಸ್. "ಕುಲಾವಿ ಎತ್ತಿದ್ದು ನಾನು."

ಎವರಾರ್ಡ್ ಇಬ್ಬರನ್ನೂ ನೋಡಿದ. ಬೈಯಲಿಲ್ಲ. ಬೈದಿದ್ದರೆ ಲೆಟಿಸ್‌ಗೆ ಅಷ್ಟು ಭಾರವಾಗುತ್ತಿರಲಿಲ್ಲ. "ನಿನ್ನೆ ಅರಮನೇಲಿ ನಡೆಸಿ ನೋಡಿದ್ರು," ಎಂದ, ಬೇರೆ ಯಾರದೋ ಸಂಗತಿ ಹೇಳುವವನಂತೆ. "ಒಂದು ಹೆಜ್ಜೆ ತಪ್ಪಲಿಲ್ಲ. ಎಲ್ಲಿ ಕಲಿತಿರಿ ಅಂತ ಕೇಳಿದ್ರು. ನನ್ನ ಮಗಳು ಕಲಿಸಿದ್ದು ಅಂದೆ. ಹುಷಾರಿರಲಿಲ್ಲ, ಈಗ ಚೇತರಿಸ್ಕೋತಿದ್ದಾಳೆ... ಅಂದೆ."

ಅವನ ಕೈ ಸಡಿಲಾಯಿತು. ಕೋಲು ನೆಲಕ್ಕೆ ಬಿದ್ದು ಮಂಚದಡಿ ಉರುಳಿತು. ಅವನು ಪೆಟ್ಟಿಗೆಯ ಪಕ್ಕದಲ್ಲಿ ಕುಸಿದು ಕೂತ. "ಹಳ್ಳ ಏನು ಅಷ್ಟು ಅಗಲ ಇರಲಿಲ್ಲ ಲೆಟಿಸ್," ಎಂದ. "ಈಗ ದಾಟಿ ಬಂದ್ನಲ್ಲ... ಒಂದು ಹಾರು ಅಷ್ಟೇ."

ಮಣ್ಣಿನ ದಿನ ಊರಿನವರೆಲ್ಲ ಮನೆಯ ಮುಂದೆ ನೆರೆದಿದ್ದರು. ಏಮೋಸ್ ಥ್ರೇಲ್ ಮತ್ತು ಅವನ ತಮ್ಮ ಆ ಪುಟ್ಟ ಬಿಳಿ ಪೆಟ್ಟಿಗೆಯನ್ನು ಹೊರಲು ಟೋಪಿ ತೆಗೆದು ನಿಂತಿದ್ದರು. ಬಯಲಲ್ಲಿ ಟಗರನ್ನು ಯಾರೋ ಕಟ್ಟಿಹಾಕಿದ್ದರು. ಎವರಾರ್ಡ್ ಬರಿಗೈಯಲ್ಲಿ ಮೆಟ್ಟಿಲಿಳಿದು ಬಂದ. ಆಗ ಹೊನೋರಿಯಾ ಒಳಗಿನಿಂದ ಬಂದರು. ಬಾತ ಬೆರಳುಗಳ ನಡುವೆ ಆ ಬಿಳಿ ಕೋಲಿತ್ತು. ಮಂಚದಡಿಯಿಂದ ಅದನ್ನು ಅವರು ಯಾವಾಗ ಬಗ್ಗಿ ತೆಗೆದುಕೊಂಡಿದ್ದರೋ ಯಾರೂ ನೋಡಿರಲಿಲ್ಲ.

"ಹಿಡ್ಕೋ," ಎಂದರು.

"ಅಮ್ಮಾ, ಇದನ್ನ ರಾಣಿಯವರ ಮುಂದೆ ಬಿಟ್ಟು ಬೇರೆ ಯಾರ ಮುಂದೂ ಹಿಡಿಯೋ ಹಾಗಿಲ್ಲ. ಅರಮನೆಗೆ ಗೊತ್ತಾದ್ರೆ ಕಿತ್ಕೋತಾರೆ."

"ನನಗೆ ಗೊತ್ತಿಲ್ವಾ? ಅದಕ್ಕೇ ಹೇಳ್ತಿರೋದು, ಹಿಡ್ಕೋ." ಮುದುಕಿ ಕೋಲನ್ನು ಮಗನತ್ತ ಚಾಚಿದರು. "ಅವಳಿಗೆ ಬೆನ್ನು ತೋರಿಸ್ಕೊಂಡು ಹೋಗ್ಬೇಡ."

ಎವರಾರ್ಡ್ ಕೋಲು ತೆಗೆದುಕೊಂಡ. ಪೆಟ್ಟಿಗೆಗೆ ಎದುರಾಗಿ ನಿಂತು ಬಾಗಿದ. ಆಮೇಲೆ ಹಿಂದೆ ಹಿಂದೆ ಹೆಜ್ಜೆ ಹಾಕತೊಡಗಿದ. ಯಾರೂ ನಗಲಿಲ್ಲ. ಪೆಟ್ಟಿಗೆಯ ಹಿಂದೆ ಲೆಟಿಸ್ ನಡೆದಳು. ಅವಳ ತೋಳಿನೊಳಕ್ಕೆ ಕೊನೆಗೂ ಕಟ್ಟು ಸುತ್ತಿಸಿಕೊಂಡ ಒಂದು ಕೈ ಬಂದು ಸೇರಿತು, ಅತ್ತೆಯದು. ಅವಳು ಕೊಡವಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಹಳ್ಳಕ್ಕೆ ಅಡ್ಡಲಾಗಿ ಹಲಗೆಗಳನ್ನು ಹಾಸಿದ್ದರು. ಎವರಾರ್ಡನ ಹಿಮ್ಮಡಿ ಹಲಗೆಯ ಅಂಚಿಗೆ ಬಂದು ಅನುಮಾನಿಸಿತು. ಅವನಿಗೆ ಎದುರಿನದು ಕಾಣುತ್ತಿರಲಿಲ್ಲ, ಕಣ್ಣು ತುಂಬಿತ್ತು. ಹಿಂದಿನದನ್ನು ನೋಡುವಂತಿರಲಿಲ್ಲ. ಇಡೀ ಮೆರವಣಿಗೆ ನಿಂತಿತು.

"ಎಡಕ್ಕೆ," ಎಂದಳು ಲೆಟಿಸ್. ಅವಳ ದನಿ ಅವಳಿಗೇ ಕೇಳಿಸಿತೋ ಇಲ್ಲವೋ. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದಳು. "ಎಡಕ್ಕೆ ಬನ್ನಿ... ಇನ್ನೂ ಸ್ವಲ್ಪ. ಹಾಂ, ಇಡಿ. ಹಲಗೆ ಇದೆ."

ಅವನು ಕಾಲಿಟ್ಟ.